ಕುಕ್ಕರ್ ಪಕ್ಕದ ಮನೆಗೆ ಹೋಗುವ ವಾರ

ಮೂರು ವಾರಕ್ಕೊಮ್ಮೆ ನಮ್ಮ ಮನೆಯ ಕುಕ್ಕರ್ ಪಕ್ಕದ ಮನೆಗೆ ಹೋಗುತ್ತಿತ್ತು. ಕೆಳಗಿನ ಡಬ್ಬಿಯಲ್ಲಿ ತೊಳೆದ ಅಕ್ಕಿ, ಮೇಲಿನದರಲ್ಲಿ ತೊಗರಿಬೇಳೆ, ಚಿಟಿಕೆ ಅರಿಸಿನ. ಮುಚ್ಚಳ ಬಿಗಿದು, ಅಮ್ಮ ಅದನ್ನು ಕೂಸಿನ ಹಾಗೆ ಸೊಂಟಕ್ಕೇರಿಸಿಕೊಂಡು ಹಿತ್ತಲ ಬಾಗಿಲಿನಿಂದ ಹೊರಡುತ್ತಿದ್ದಳು. ಭದ್ರಾವತಿಯ ಕಾಗದನಗರದಲ್ಲಿ ಕಾರ್ಖಾನೆಯವರು ಕೊಟ್ಟ ಕ್ವಾರ್ಟ್ರಸ್ ನಮ್ಮದು. ಒಂದು ಹಾಲು, ಒಂದು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಗೂ ಕೋಣೆಗೂ ನಡುವೆ ಇದ್ದದ್ದು ಬಾಗಿಲಲ್ಲ, ಬರೀ ಪರದೆ. ಅಪ್ಪ ಕಾಗದದ ಮಿಷನ್ನಿನಲ್ಲಿ ಆಪರೇಟರ್ ಆಗಿದ್ದರು. ಒಂದು ವಾರ ಬೆಳಗಿನ ಪಾಳಿ, ಒಂದು ವಾರ ಮಧ್ಯಾಹ್ನದ್ದು, ಒಂದು ವಾರ ರಾತ್ರಿಯದು. ರಾತ್ರಿ ಪಾಳಿಯ ವಾರ ಬಂತೆಂದರೆ ಬೆಳಿಗ್ಗೆ ಮನೆಗೆ ಬಂದು, ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಎರಡು ರೊಟ್ಟಿ ತಿಂದು ಮಲಗಿಬಿಡುತ್ತಿದ್ದರು. ಅವರು ಮಧ್ಯಾಹ್ನ ಏಳುವವರೆಗೂ ಮನೆಯಲ್ಲಿ ಪಾತ್ರೆ ಪಾತ್ರೆಗೆ ತಾಗಬಾರದು, ರೇಡಿಯೋ ಹಾಕಬಾರದು, ನಲ್ಲಿಯ ಕೆಳಗೆ ಖಾಲಿ ಬಕೆಟ್ ಇಡಬಾರದು. ಕುಕ್ಕರ್ ಕೂಗುವುದಂತೂ ದೂರದ ಮಾತು. ಅದಕ್ಕೆ ನಮ್ಮ ಅನ್ನ, ನಮ್ಮ ಬೇಳೆ ಮಲ್ಲಿಕಾ ಆಂಟಿಯ ಮನೆಯ ಒಲೆಯ ಮೇಲೆ ಕೂಗಿ, ಬೆಂದು, ಸದ್ದಡಗಿಸಿಕೊಂಡು ಮನೆಗೆ ವಾಪಸ್ಸು ಬರುತ್ತಿದ್ದವು.

ಮಲ್ಲಿಕಾ ಆಂಟಿಯ ಗಂಡ ಬಾಯ್ಲರ್ ವಿಭಾಗದಲ್ಲಿದ್ದರು. ಅವರ ರಾತ್ರಿ ಪಾಳಿ ನಮ್ಮ ಅಪ್ಪನದಕ್ಕಿಂತ ಒಂದು ವಾರ ಆಚೆ. ಆ ವಾರ ಅವರ ಕುಕ್ಕರ್ ನಮ್ಮ ಮನೆಗೆ ಬರುತ್ತಿತ್ತು, ಹಿಂದೆಯೇ ಅವರ ಮಗಳು ಕವಿತಾ. ಅವರು ಸೇಲಂ ಕಡೆಯಿಂದ ಬಂದವರು. ಮೀನು ಮಾಂಸ ತಿನ್ನುವವರು. ನಮ್ಮ ಕುಕ್ಕರ್ ಹೋಗುವ ವಾರ, ಅದು ವಾಪಸ್ಸು ಹೊರಡುವ ತನಕ ಅವರ ಅಡುಗೆಮನೆಯಲ್ಲಿ ಅದ್ಯಾವುದೂ ಒಲೆ ಏರುತ್ತಿರಲಿಲ್ಲ. ಯಾರೂ ಕೂತು ಮಾಡಿದ ನಿಯಮವಲ್ಲ ಅದು. ಅಜ್ಜಿ ಊರಿಂದ ಬಂದಾಗ ಮಾತ್ರ ಅಮ್ಮ ಕುಕ್ಕರಿಗೆ ಟವೆಲ್ ಸುತ್ತಿಕೊಂಡು ಹೋಗುತ್ತಿದ್ದಳು. ಅಜ್ಜಿ ಕೇಳಿದರೆ, "ಅವ್ರ ಗ್ಯಾಸು ಜೋರಾಗಿ ಉರಿಯತ್ತೆ ಅತ್ತೆ" ಎಂದು ಹೇಳುತ್ತಿದ್ದಳು. ಅಜ್ಜಿ ನಂಬುತ್ತಿದ್ದರೋ, ನಂಬಿದ ಹಾಗೆ ಇರುತ್ತಿದ್ದರೋ.

ಇಷ್ಟರ ಮಟ್ಟಿಗೆ ನನ್ನ ನೆನಪನ್ನು ನಾನು ನಂಬುತ್ತೇನೆ. ಮುಂದಿನದರಲ್ಲಿ ನನಗೆ ಅನುಮಾನಗಳಿವೆ. ಇತಿಹಾಸ ಪಾಠ ಮಾಡಿಕೊಂಡು ಬದುಕುವವಳು ನಾನು. ಒಬ್ಬರೇ ಸಾಕ್ಷಿ, ಆ ಸಾಕ್ಷಿಗೂ ಹೊಟ್ಟೆಕಿಚ್ಚು ಎಂದಾದರೆ ಎಷ್ಟು ನಂಬಬೇಕು ಎಂದು ಮಕ್ಕಳಿಗೆ ವರ್ಷ ವರ್ಷವೂ ಹೇಳಿಕೊಡುತ್ತೇನೆ. ಆದರೂ ಡೈರಿ ತೆಗೆದು ಬರೆಯಲು ಕೂತರೆ ನನ್ನ ಬಾಲ್ಯದ ಒಂದು ಬೇಸಿಗೆ ರಜೆಯ ವಿಷಯದಲ್ಲಿ ಪೆನ್ನು ಒಂದೇ ಜಾಡಿನಲ್ಲಿ ಓಡುತ್ತದೆ. ನಾನು ಮುಂಬಾಗಿಲಿನ ಮೆಟ್ಟಿಲ ಮೇಲೆ ಕೂತಿದ್ದೇನೆ. ನನಗೊಂದು ಕೆಲಸ ಕೊಟ್ಟು ಹೋಗಿದ್ದಾರೆ: ಸೊಪ್ಪಿನವಳು ಬೀದಿಯ ಆ ತುದಿಯಲ್ಲಿ ಕಂಡ ಕೂಡಲೇ ಓಡಿಹೋಗಿ, ನಮ್ಮ ಮನೆಯ ಮುಂದೆ ಕೂಗಬೇಡಿ ಎನ್ನುವುದು. ಪೋಸ್ಟ್‌ಮ್ಯಾನ್ ಸೈಕಲ್ ಬೆಲ್ಲು ಹೊಡೆಯುವ ಮುಂಚೆ ಕೈ ಎತ್ತುವುದು. ಹಳೇ ಪೇಪರಿನವನು, ಕೊಡ ಬೆಸೆಯುವವನು, ಸಂಕ್ರಾಂತಿಯಲ್ಲದಿದ್ದರೂ ಬರುವ ಬಸವನ ಗಂಟೆ, ಎಲ್ಲವನ್ನೂ ದೂರದಲ್ಲೇ ತಡೆಯುವುದು. ಆ ಕೆಲಸದಲ್ಲಿ ನಾನು ಚುರುಕಾಗಿದ್ದೆ. ಸೊಪ್ಪಿನವಳು ನನ್ನನ್ನು "ಏನವ್ವಾ ಇನ್‌ಸ್ಪೆಟ್ರು" ಎಂದು ಕರೆಯುತ್ತಿದ್ದಳು. ಆದರೆ ಮೆಟ್ಟಿಲ ಮೇಲೆ ಕೂತರೆ ನಡುವಿನ ಓಣಿ ದಾಟಿ ಮಲ್ಲಿಕಾ ಆಂಟಿಯ ಅಡುಗೆಮನೆ ಕೇಳಿಸುತ್ತಿತ್ತು. ಮೊದಲು ನಮ್ಮ ಕುಕ್ಕರಿನ ಕೂಗು. ಆಮೇಲೆ ಅಮ್ಮನ ನಗು.

ನಮ್ಮ ಮನೆಯಲ್ಲಿ ಅಮ್ಮ ಹಾಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ನಮ್ಮ ಮನೆಯಲ್ಲಿ ಅವಳು ಮುಗುಳ್ನಗುತ್ತಿದ್ದಳು, ಹಬ್ಬಕ್ಕೆ ಬಂದವರ ಎದುರು ನಗುತ್ತಿದ್ದಳು, ನನ್ನ ಗಲ್ಲ ಹಿಂಡುತ್ತಿದ್ದಳು. ಇದು ಬೇರೆ ನಗು. ಹೊಟ್ಟೆಯಿಂದ ಶುರುವಾಗಿ, ನಿಂತಿತು ಅಂದುಕೊಂಡಾಗ ಮತ್ತೆ ಹತ್ತಿಕೊಳ್ಳುವಂಥದ್ದು. ಅದರ ಸಂದಿಯಲ್ಲಿ ಕವಿತಾಳ ಧ್ವನಿ ಕೇಳಿಸುತ್ತಿತ್ತು. ಅಮ್ಮ ಅವಳಿಗೆ ಜಡೆ ಹಾಕುತ್ತಿದ್ದಾಳೆ ಎಂದು ನನಗೆ ನೋಡದೆಯೂ ಗೊತ್ತಾಗುತ್ತಿತ್ತು, ಯಾಕೆಂದರೆ ಮಧ್ಯಾಹ್ನ ಅವಳು ಬಂದು ನಿಂತಾಗ ಎರಡೂ ಜಡೆ ನನ್ನವಕ್ಕಿಂತ ನೇರವಾಗಿ, ರಿಬ್ಬನ್ನಿನ ಹೂವು ಹೆಚ್ಚು ದೊಡ್ಡದಾಗಿ ಇರುತ್ತಿತ್ತು. ನನ್ನ ಜಡೆಗಳನ್ನು ಅಮ್ಮ ಬೆಳಿಗ್ಗೆ, ಅಪ್ಪ ಮಲಗುವ ಮೊದಲು, ಅವಸರದಲ್ಲಿ ಹಾಕಿ ಮುಗಿಸುತ್ತಿದ್ದಳು. ರೊಟ್ಟಿ ತಟ್ಟುವುದನ್ನು ನನಗಿಂತ ಮೊದಲು ಕಲಿತವಳು ಕವಿತಾ. ಅದನ್ನು ಅವಳು ನನಗೆ ಹೇಳಿದ ರೀತಿ ಈಗಲೂ ಚುಚ್ಚುತ್ತದೆ:

"ನಿಮ್ಮಮ್ಮ ನನ್ ಕೈ ಮೇಲೆ ಕೈ ಇಟ್ಟು ತಟ್ಸಿದ್ರು ಕಣೆ. ನಿಂಗೆ ಬರತ್ತಾ?"

"ನಂಗೆ ಯಾವಾಗ್ಲೋ ಬರತ್ತೆ" ಎಂದೆ. ಬರುತ್ತಿರಲಿಲ್ಲ.

ಒಂದು ದಿನದ ಘಟನೆ ಮಾತ್ರ ಪೂರ್ತಿಯಾಗಿ ಉಳಿದಿದೆ, ಯಾಕೆಂದರೆ ಅದು ನಮ್ಮ ಮನೆಯೊಳಗೇ ನಡೆಯಿತು. ಎರಡೂ ಮನೆಯ ಕುಕ್ಕರುಗಳು ಒಂದೇ ಅಂಗಡಿಯವು, ಒಂದೇ ಅಳತೆಯವು. ಆ ದಿನ ಮಲ್ಲಿಕಾ ಆಂಟಿಯ ಮನೆಗೆ ನೆಂಟರು ಬರುವವರಿದ್ದರು. ಅವರು ಬೆಳಿಗ್ಗೆಯೇ, ನಮ್ಮದು ಬರುವ ಮೊದಲೇ, ತಮ್ಮ ಅಡುಗೆ ಮುಗಿಸಿ ಕುಕ್ಕರನ್ನು ಆರಲು ನೆಲಕ್ಕಿಟ್ಟಿದ್ದರು. ಆಮೇಲೆ ನಮ್ಮದೂ ಬೆಂದು ಪಕ್ಕದಲ್ಲೇ ಕೂತಿತು. ಅಮ್ಮ ಮಾತಿನ ಭರದಲ್ಲಿ ಕೈಗೆ ಸಿಕ್ಕಿದ್ದನ್ನು ಸೊಂಟಕ್ಕೇರಿಸಿಕೊಂಡು ಬಂದಳು. ನಾನು ನೀರು ಕುಡಿಯಲು ಒಳಗೆ ಹೋಗಿದ್ದೆ. ಅಮ್ಮ ಅಡುಗೆಮನೆಯ ನೆಲದ ಮೇಲೆ ಕೂತು ಮುಚ್ಚಳ ತಿರುಗಿಸಿದಳು. ತೆಗೆದಳು. ಒಂದು ಕ್ಷಣ ನೋಡಿದಳು. ಟಪ್ಪನೆ ಮುಚ್ಚಿದಳು. ನನಗೂ ವಾಸನೆ ಬಂತು, ಮೂಳೆಯೂ ಕಂಡಿತು. ಲಿಂಗ ಕಟ್ಟಿದ ಮನೆಯ ಅಡುಗೆಮನೆಯ ನಟ್ಟ ನಡುವೆ ಕುರಿಮಾಂಸ. ಅಮ್ಮ ಅಳುತ್ತಾಳೆ ಎಂದುಕೊಂಡೆ. ಅವಳು ಸೆರಗನ್ನು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡಳು. ಭುಜ ಅಲುಗಾಡತೊಡಗಿತು, ಕಣ್ಣಲ್ಲಿ ನೀರು. ಪರದೆಯ ಆಚೆ ಅಪ್ಪನ ಗೊರಕೆ ನಡೆದೇ ಇತ್ತು. ಆ ನಗು ಕೊನೆಗೂ ನಮ್ಮ ಮನೆಗೆ ಬಂದಿತ್ತು, ಸದ್ದೊಂದಿಲ್ಲದೆ. ನಾನೂ ನಗಲು ತಯಾರಾಗಿ ಅವಳ ಪಕ್ಕ ಕೂರಲು ಹೋದೆ. ಅಷ್ಟರಲ್ಲಿ ಅವಳು ಎದ್ದಳು.

"ಅಪ್ಪಂಗೆ ಹೇಳ್ಬೇಡ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿ, ಕುಕ್ಕರ್ ಎತ್ತಿಕೊಂಡು, ಸೆರಗು ಬಾಯಲ್ಲೇ ಇಟ್ಟುಕೊಂಡು, ಹಿತ್ತಲಿನಿಂದ ಓಡಿದಳು. ಓಣಿ ದಾಟಿದ್ದೇ ತಡ, ಆ ಮನೆಯಿಂದ ನಗು ಸಿಡಿಯಿತು. ಮಲ್ಲಿಕಾ ಆಂಟಿ ಕೂಗುತ್ತಿದ್ದರು:

"ಅಯ್ಯೋ ಅಕ್ಕಾ, ನಮ್ಮ ಮನೆಯೋರು ಇವತ್ತು ಬೇಳೆ ಸಾರು ನೋಡಿ ರಾಜೀನಾಮೆ ಕೊಡ್ತಿದ್ರು."

ನಗುವಿಗೆ ಕಾರಣವಾದದ್ದನ್ನು ಅಮ್ಮನ ಜೊತೆ ಮೊದಲು ಕಂಡವಳು ನಾನು. ಅವಳು ಅದನ್ನು ನನ್ನ ಜೊತೆ ನಗಲಿಲ್ಲ. ಕೊಂಡೊಯ್ದು ಅಲ್ಲಿ ನಕ್ಕಳು. ಆಮೇಲೆ ಬಂದು ಕೈಕಾಲು ತೊಳೆದು, ನೆಲ ಒರೆಸಿ, ವಿಭೂತಿ ಹಚ್ಚಿಕೊಂಡು, ಏನೂ ಆಗದವಳ ಹಾಗೆ ನಮ್ಮ ಅನ್ನವನ್ನು ತಟ್ಟೆಗೆ ಬಡಿಸಿ ಮುಚ್ಚಿಟ್ಟಳು. ಕವಿತಾಳ ಬಾಯಲ್ಲಿ ಆ ಕಥೆ ಆ ಬೀದಿಯೆಲ್ಲ ಸುತ್ತಿತು. ಅವಳ ಕಥೆಯಲ್ಲಿ ನಾನು ಇರಲೇ ಇಲ್ಲ.

ನಾನು ಈಗ ಶಿವಮೊಗ್ಗದಲ್ಲಿದ್ದೇನೆ. ವಿನೋಬನಗರದಲ್ಲಿ ಬಾಡಿಗೆ ಮನೆ, ಹತ್ತಿರದಲ್ಲೇ ಕಾಲೇಜು. ಗಂಡ ಮಾಚೇನಹಳ್ಳಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ಅವರದು ಹಗಲಿನ ಕೆಲಸ, ನಮ್ಮ ಮನೆಯಲ್ಲಿ ಕುಕ್ಕರ್ ಯಾವಾಗ ಬೇಕಾದರೂ ಕೂಗಬಹುದು. ಮಗಳು ನಿಧಿ ಐದನೇ ಕ್ಲಾಸು. ಅಪ್ಪ ತೀರಿಕೊಂಡ ಮೇಲೆ ಅಮ್ಮ ನಮ್ಮ ಜೊತೆಗೇ ಇದ್ದಾಳೆ. ಸಂಜೆ ಕಾಲೇಜಿನಿಂದ ಬಂದು ಗೇಟು ತೆಗೆಯುವಾಗ ಒಳಗಿನಿಂದ ನಗು ಕೇಳಿಸುತ್ತದೆ. ಹೊಟ್ಟೆಯಿಂದ ಶುರುವಾಗಿ, ನಿಂತು, ಮತ್ತೆ ಹತ್ತಿಕೊಳ್ಳುವ ಅದೇ ನಗು. ಈ ಸಲ ಅದರ ಸಂದಿಯಲ್ಲಿ ಇರುವುದು ನನ್ನದೇ ಮಗಳ ಧ್ವನಿ. ನಾನು ಚಪ್ಪಲಿ ಬಿಟ್ಟು ಒಳಗೆ ಹೋದ ಕೂಡಲೇ ಇಬ್ಬರೂ ನೆಟ್ಟಗೆ ಕೂರುತ್ತಾರೆ. "ಅಮ್ಮ ಬಂದ್ಲು" ಎನ್ನುತ್ತಾಳೆ ನಿಧಿ, ಟೀಚರ್ ಬಂದರು ಎನ್ನುವ ಧಾಟಿಯಲ್ಲಿ. "ಹೋಂವರ್ಕ್ ಆಗಿದೆ ಮಾರಾಯ್ತಿ, ನಾನೇ ನೋಡಿದೀನಿ" ಎನ್ನುತ್ತಾಳೆ ಅಮ್ಮ, ನಾನು ಕೇಳುವ ಮೊದಲೇ.

ಇದಕ್ಕೆ ಕರುಬಬಾರದು ಎಂದು ನನಗೆ ಗೊತ್ತಿಲ್ಲವೇ? ನನ್ನ ಸಹೋದ್ಯೋಗಿಗಳೆಲ್ಲ ಹೇಳುತ್ತಾರೆ, ಮನೆಯಲ್ಲಿ ಅಜ್ಜಿ ಇದ್ದಾರೆ ಎಂದರೆ ನೀವು ಪುಣ್ಯ ಮಾಡಿದವರು ಎಂದು. ಹೌದು ಎನ್ನುತ್ತೇನೆ. ಮನೆಗೆ ಬಂದು ಕರುಬುತ್ತೇನೆ. ಎರಡು ಕಡೆಗೂ ಕರುಬುತ್ತೇನೆ: ನನಗೆ ಸಿಗದ ಅಮ್ಮ ನನ್ನ ಮಗಳಿಗೆ ಸಿಕ್ಕಿದಳೆಂದು ಮಗಳ ಮೇಲೆ, ನನಗೆ ಸಿಗಬೇಕಾದ ಮಗಳ ಸಂಜೆಗಳು ಅವಳ ಪಾಲಾದವೆಂದು ಅಮ್ಮನ ಮೇಲೆ. ಅದಕ್ಕಿಂತ ಆಳದಲ್ಲಿ ಇನ್ನೊಂದಿದೆ. ಅಮ್ಮನಿಗೆ ಒಂದು ಮಾಮೂಲಿ ದಿನ ಇದ್ದರೆ ಸಾಕು. ಅವರೆಕಾಯಿ ಸುಲಿಯುವುದು, ಕರೆಂಟು ಹೋದದ್ದು, ಹಾಲು ಒಡೆದದ್ದು, ಎದುರುಮನೆಯವರ ನಾಯಿ ನಮ್ಮ ಚಪ್ಪಲಿ ಕಚ್ಚಿಕೊಂಡು ಹೋದದ್ದು, ಇಷ್ಟರಲ್ಲೇ ಅವಳಿಗೆ ಸಂತೋಷ ಸಿಗುತ್ತದೆ, ಹುಡುಕುವ ಶ್ರಮವೂ ಇಲ್ಲದೆ. ಆ ಗುಣ ನನಗೆ ಬರಲಿಲ್ಲ. ನಾನು ಮಗಳ ಜೊತೆ ಸಂತೋಷವಾಗಿರಲು ಭಾನುವಾರ ಗೊತ್ತು ಮಾಡುತ್ತೇನೆ, ತಿಂಡಿ ಕಟ್ಟುತ್ತೇನೆ, ನೀರಿನ ಬಾಟಲಿ ತುಂಬುತ್ತೇನೆ.

ಹಾಗೆ ಒಂದು ಭಾನುವಾರ ನಾವು ಮೂವರು, ಗಂಡ, ನಾನು, ನಿಧಿ, ತ್ಯಾವರೆಕೊಪ್ಪದ ಸಿಂಹಧಾಮಕ್ಕೆ ಹೋದೆವು. ಅಮ್ಮ ಮಂಡಿ ನೋವೆಂದು ಬರಲಿಲ್ಲ. ನಿಜ ಹೇಳಬೇಕೆಂದರೆ ನಾನು ಒತ್ತಾಯ ಮಾಡಲಿಲ್ಲ. ಸಫಾರಿ ಬಸ್ಸಿನಲ್ಲಿ ಕಿಟಕಿ ಪಕ್ಕ ನಿಧಿಯನ್ನು ಕೂರಿಸಿ, ಹುಲಿ ಕಂಡಾಗ ತೋರಿಸಿದೆ, ಜಿಂಕೆ ಕಂಡಾಗ ತೋರಿಸಿದೆ. ಅವಳು ಹ್ಞೂಂ, ಹ್ಞೂಂ ಎಂದಳು. ಸಿಂಹ ಒಂದು ಮರದ ಕೆಳಗೆ ಮಗ್ಗುಲಾಗಿ ಬಿದ್ದುಕೊಂಡಿತ್ತು. ಡ್ರೈವರ್ ಬಸ್ಸು ನಿಲ್ಲಿಸಿ ಕಾದರೂ ಬಾಲ ಸಹ ಅಲ್ಲಾಡಿಸಲಿಲ್ಲ. ನಿಧಿ ನನ್ನ ಫೋನು ಕಸಿದುಕೊಂಡು ಅಜ್ಜಿಗೆ ಫೋನ್ ಮಾಡಿದಳು, ಸ್ಪೀಕರ್ ಹಾಕಿ.

"ಅಜ್ಜಿ, ಸಿಂಹ ಬರೀ ಮಲ್ಕೊಂಡಿದೆ."

"ರಾತ್ರಿ ಪಾಳಿ ಮುಗ್ಸಿ ಬಂದಿರ್ಬೇಕು ಬಿಡು. ಎಬ್ಬಿಸ್ಬೇಡಿ, ಅದ್ರ ಹೆಂಡ್ತಿ ಬೈತಾಳೆ."

ಇಡೀ ಬಸ್ಸು ನಕ್ಕಿತು. ನಿಧಿ ನಕ್ಕು ನಕ್ಕು ನನ್ನ ತೊಡೆಯ ಮೇಲೆ ಬಿದ್ದಳು. ತಿಂಡಿ ಕಟ್ಟಿದವಳು ನಾನು, ಟಿಕೆಟ್ ತೆಗೆದವಳು ನಾನು, ಮಂಡಿ ನೀವಿಕೊಂಡು ಮನೆಯಲ್ಲಿ ಕೂತವಳು ನನ್ನ ಮಗಳನ್ನು ನಗಿಸಿದಳು. ವಾಪಸ್ಸು ಬರುವಾಗ ಕಿಟಕಿಯ ಕಡೆ ಮುಖ ತಿರುಗಿಸಿ ಕೂತೆ. ಗಂಡ, "ತಲೆನೋವಾ?" ಎಂದರು. ಹೌದು ಎಂದೆ.

ಈ ಬೇಸಿಗೆಯಲ್ಲಿ ಮಲ್ಲಿಕಾ ಆಂಟಿ ನಮ್ಮ ಮನೆಗೆ ಬಂದರು. ಈಗ ಅವರು ಭದ್ರಾವತಿಯಲ್ಲೇ ಕವಿತಾಳ ಮನೆಯಲ್ಲಿದ್ದಾರೆ. ಬಸ್ಸಿನಲ್ಲಿ ಒಬ್ಬರೇ ಬಂದು, ಆಟೋದವನ ಜೊತೆ ಜಗಳ ಮಾಡಿ, ಕೈಯಲ್ಲಿ ಮುರುಕಿನ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತರು. ಕೂದಲು ಪೂರ್ತಿ ಬೆಳ್ಳಗಾಗಿತ್ತು, ಧ್ವನಿ ಹಾಗೇ ಇತ್ತು. ನನ್ನನ್ನು ನೋಡಿ, "ಏನ್ ಕಣ್ಣು, ಪ್ರೊಫೆಸರ್ ಆದ್ರೂ ಮುಖ ಮಾತ್ರ ಅದೇ ಇನ್‌ಸ್ಪೆಟ್ರು ಮುಖ" ಎಂದರು. ನಾವು ಚಿನ್ನಾ ಎನ್ನುವ ಕಡೆ ಅವರು ಈಗಲೂ ತಮಿಳಿನವರ ಹಾಗೆ ಕಣ್ಣು ಎಂದೇ ಅನ್ನುವುದು. ಹಾಗಾದರೆ ಇನ್‌ಸ್ಪೆಟ್ರು ಎಂದು ಕರೆಯುತ್ತಿದ್ದದ್ದು ನಿಜ. ನನ್ನ ನೆನಪಿಗೊಂದು ಸಾಕ್ಷಿ ಸಿಕ್ಕಿತೆಂದು ಒಳಗೊಳಗೇ ಸಮಾಧಾನವಾಯಿತು. ಊಟವಾದ ಮೇಲೆ ಹಾಲಿನಲ್ಲಿ ಚಾಪೆ ಹಾಸಿ ಅಮ್ಮ, ಆಂಟಿ, ನಡುವೆ ನಿಧಿ. ಕುಕ್ಕರ್ ಅದಲುಬದಲಾದ ಕಥೆ ಬಂತು. ನಿಧಿ ಅದನ್ನು ಮತ್ತೆ ಮತ್ತೆ ಹೇಳಿಸಿದಳು. ನಾನು ಡೈನಿಂಗ್ ಟೇಬಲ್ಲಿನಲ್ಲಿ ಉತ್ತರಪತ್ರಿಕೆ ಹರಡಿಕೊಂಡು, ತಿದ್ದದೆ, ಕೇಳುತ್ತಿದ್ದೆ. ಕೊನೆಗೆ ತಡೆಯಲಾಗಲಿಲ್ಲ.

"ಅವತ್ತು ನಾನೂ ಅಲ್ಲೇ ಇದ್ದೆ. ಮುಚ್ಚಳ ತೆಗೆದಾಗ ನಾನೂ ನೋಡ್ದೆ. ಆ ವಾರಗಳಲ್ಲೆಲ್ಲ ನನ್ನ ಮೆಟ್ಟಿಲ ಮೇಲೆ ಕೂರ್ಸಿ ಇವ್ರು ನಿಮ್ಮನೇಲಿ ನಗ್ತಾ ಇರ್ತಿದ್ರು" ಎಂದೆ. ತಮಾಷೆಯಾಗಿ ಹೇಳಬೇಕೆಂದಿದ್ದೆ. ಧ್ವನಿ ತಮಾಷೆಯಾಗಿ ಬರಲಿಲ್ಲ.

ಅಮ್ಮ ಮುರುಕು ಮುರಿಯುತ್ತಿದ್ದ ಕೈ ನಿಲ್ಲಿಸಿದಳು. "ನಾನೆಲ್ಲಿ ಕೂರ್ಸಿದ್ದೆ? ನೀನೇ ಬರ್ತಿರ್ಲಿಲ್ಲ. ಬಾರೆ ಅಂದ್ರೆ, ಅಪ್ಪ ಎದ್ರೆ ಅಂತ ಅಲ್ಲೇ ಕಚ್ಕೊಂಡು ಕೂತಿರ್ತಿದ್ದೆ."

"ನಾನು ಹಾಗಂದಿಲ್ಲ."

"ಅಂದಿದೀಯ ಕಣ್ಣು" ಎಂದರು ಮಲ್ಲಿಕಾ ಆಂಟಿ. "ನಾನೇ ಕರ್ಯೋಕೆ ಬಂದಿದೀನಿ. ನಮ್ಮ ಕವಿತಾ ಹತ್ರ ರಿಬ್ಬನ್ ಇದೆ ಬಾ ಅಂದ್ರೂ ಇಲ್ಲ. ನಿಮ್ಮಮ್ಮ ನಮ್ಮನೇಲಿ ಕೂತು ಏನ್ ಹೇಳೋರು ಗೊತ್ತಾ?"

"ಮಲ್ಲಿಕಾ, ಸುಮ್ನಿರು" ಎಂದಳು ಅಮ್ಮ.

"ಏನಕ್ಕಾ ಸುಮ್ನಿರೋದು, ಈಗ ಅವ್ಳಿಗೇ ಮಗಳಿದಾಳೆ. ಕೇಳು ಗೀತಾ. ಹನ್ನೆರಡು ಗಂಟೆಗೆ ಅನ್ನ ತಗೊಂಡ್ ಹೋಗಿ ತಟ್ಟೇಲಿ ಮುಚ್ಚಿಟ್ಟು, ಹಿಟ್ಟು ರುಬ್ಬೋಕೆ ಅಂತ ಮತ್ತೆ ನಮ್ಮನೆಗೇ ಬರೋರು. ರುಬ್ಬೋದು ಮುಗಿದ್ರೂ ಏಳ್ತಿರ್ಲಿಲ್ಲ. 'ಮನೆಗೆ ಹೋಗಕ್ಕಾ, ಅವ್ರು ಎದ್ದಿರ್ತಾರೆ' ಅಂದ್ರೆ, 'ಈಗ ಹೋಗಿ ಏನ್ ಮಾಡ್ಲಿ ಮಲ್ಲಿಕಾ, ಅಪ್ಪ ಮಗಳು ಒಂದೇ ತಟ್ಟೇಲಿ ಉಣ್ತಾ ಇರ್ತಾರೆ, ನಾನು ಹೋದ ಕೂಡ್ಲೇ ಇಬ್ರೂ ಮಾತು ನಿಲ್ಸಿ ನೆಟ್ಟಗೆ ಕೂತ್ಬಿಡ್ತಾರೆ, ನಾನೇನು ಹೊರಗಿನವ್ಳಾ' ಅನ್ನೋರು. ಅಷ್ಟು ಹೊಟ್ಟೆಕಿಚ್ಚು ನಿಮ್ಮಮ್ಮಂಗೆ."

ನಿಧಿ ಅಜ್ಜಿಯ ಮುಖ ನೋಡಿದಳು. "ಅಜ್ಜಿ, ನಿಂಗೆ ಅಮ್ಮನ ಮೇಲೆ ಜೆಲಸ್ಸಾ?"

"ನಿನ್ನ ಅಮ್ಮ ಆಗ ಇಷ್ಟಿದ್ಲು" ಎಂದು ಅಮ್ಮ ನೆಲದಿಂದ ಮೂರಡಿ ಎತ್ತರಕ್ಕೆ ಕೈ ತೋರಿಸಿದಳು, ಅದೇ ಉತ್ತರ ಎಂಬಂತೆ.

ನಾನು ಕೆಂಪು ಪೆನ್ನಿನ ಕ್ಯಾಪು ಹಾಕಿದೆ. ಒಂದೇ ತಟ್ಟೆಯಲ್ಲಿ ಅಪ್ಪನ ಜೊತೆ ಉಂಡದ್ದು ನನಗೆ ಚೆನ್ನಾಗಿ ನೆನಪಿದೆ. ನನ್ನ ಬಾಲ್ಯದಲ್ಲಿ ಒಳ್ಳೆಯದು ಯಾವುದು ಎಂದು ಯಾರಾದರೂ ಕೇಳಿದರೆ ಮೊದಲು ಹೇಳುವುದು ಅದನ್ನೇ. ಹಿತ್ತಲಿನ ಕಿಟಕಿಯಿಂದ ಬಿಸಿಲು ನೆಲದ ಮೇಲೆ ಬಿದ್ದಿರುತ್ತಿತ್ತು. ಅಪ್ಪ ನಿದ್ದೆ ಪೂರ್ತಿ ಹೋಗದ ಕಣ್ಣಿನಲ್ಲಿ ಅನ್ನಕ್ಕೆ ಸಾರು ಕಲಸಿ ತುತ್ತು ಮಾಡುತ್ತಿದ್ದರು. ಎಷ್ಟು ತೊಳೆದರೂ ಅವರ ಕೈಯಿಂದ ಕಾರ್ಖಾನೆಯ ವಾಸನೆ ಪೂರ್ತಿ ಹೋಗುತ್ತಿರಲಿಲ್ಲ. ಆ ವಾಸನೆಯಿಲ್ಲದ ಸಾರು ನನಗೆ ಸಪ್ಪೆ ಎನ್ನಿಸುತ್ತಿತ್ತು. ರಾತ್ರಿ ಮಿಷನ್ನಿನಲ್ಲಿ ಏನಾಯಿತೆಂದು ಪಿಸುಮಾತಿನಲ್ಲಿ ಹೇಳುತ್ತಿದ್ದರು, ಮನೆಯಲ್ಲಿ ಮಲಗಿದವರು ಯಾರೂ ಇಲ್ಲದಿದ್ದರೂ. ಒಂದು ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಬಿಗಿಯಾಗಿ ಎಳೆದು, "ಹೀಗೆ ಓಡ್ತಾ ಇರತ್ತೆ ಕಾಗದ. ಓಡ್ತಾ ಓಡ್ತಾ..." ಎನ್ನುತ್ತಿದ್ದರು. ರೊಟ್ಟಿ ಹರಿಯುತ್ತಿತ್ತು. "ಕಿತ್ಕೊಳ್ತು ನೋಡು. ಎಲ್ರೂ ಓಡಿದ್ವಿ." ಹರಿದ ಅರ್ಧ ನನ್ನ ಬಾಯಿಗೆ ಬರುತ್ತಿತ್ತು. ನಾವಿಬ್ಬರೂ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು.

ಇದನ್ನೆಲ್ಲ ನಾನು ಬೇರೆ ಯಾವುದೋ ವರ್ಷದ ನೆನಪು ಎಂದು ಇಟ್ಟುಕೊಂಡಿದ್ದೆ. ಹಾಗೆ ಇರಲು ಸಾಧ್ಯವಿಲ್ಲ ಎಂದು ಆ ಮಧ್ಯಾಹ್ನ ಹೊಳೆಯಿತು. ಬೆಳಗಿನ ಪಾಳಿಯ ವಾರ ಅಪ್ಪ ಊಟಕ್ಕೆ ಮನೆಯಲ್ಲೇ ಇರುತ್ತಿರಲಿಲ್ಲ, ಕ್ಯಾಂಟೀನಿನಲ್ಲಿ ಉಂಡು ಬರುತ್ತಿದ್ದರು. ಮಧ್ಯಾಹ್ನದ ಪಾಳಿಯ ವಾರ ಅವಸರದಲ್ಲಿ ಬೇಗ ಉಂಡು ಸೈಕಲ್ ಹತ್ತುತ್ತಿದ್ದರು, ಅಮ್ಮ ಪಕ್ಕದಲ್ಲೇ ನಿಂತು ಬಡಿಸುತ್ತಿದ್ದಳು. ಹಿತ್ತಲಿನಿಂದ ನೆಲಕ್ಕೆ ಇಳಿಯುವ ಬಿಸಿಲು, ನಿದ್ದೆಗಣ್ಣಿನ ಅಪ್ಪ, ಅಮ್ಮನಿಲ್ಲದ ಅಡುಗೆಮನೆ, ಇವು ಮೂರೂ ಕೂಡುವುದು ರಾತ್ರಿ ಪಾಳಿಯ ವಾರ ಮಾತ್ರ. ಅಂದರೆ ಮೆಟ್ಟಿಲ ಮೇಲಿನ ಹುಡುಗಿ, ತಟ್ಟೆಯ ಮುಂದಿನ ಹುಡುಗಿ ಒಬ್ಬಳೇ, ಒಂದೇ ದಿನದವಳು. ಬೆಳಿಗ್ಗೆಯ ಅರ್ಧವನ್ನು ಮಾತ್ರ ನಾನು ಅಮ್ಮನ ಲೆಕ್ಕಕ್ಕೆ ಬರೆದು, ಮಧ್ಯಾಹ್ನದ ಅರ್ಧವನ್ನು ಅಪ್ಪನ ಲೆಕ್ಕಕ್ಕೆ ಬರೆದುಕೊಂಡಿದ್ದೆ. ಅಮ್ಮ ನನ್ನನ್ನು ಬಿಟ್ಟು ಹೋದಳೋ, ನಾನು ಅವಳನ್ನು ಕಳಿಸಿದೆನೋ? ಅವಳು ಹೇಳುವುದು ಪೂರ್ತಿ ನಿಜವೇ ಎಂಬುದೂ ನನಗೆ ಖಾತ್ರಿಯಿಲ್ಲ. ಅವಳೂ ಒಬ್ಬಳೇ ಸಾಕ್ಷಿ, ಅವಳಿಗೂ ಹೊಟ್ಟೆಕಿಚ್ಚು. ಮಲ್ಲಿಕಾ ಆಂಟಿ ಅವಳ ಪಕ್ಷದವರು.

ಸಂಜೆ ಆಂಟಿಯನ್ನು ಬಸ್ಸು ಹತ್ತಿಸಿ ಬಂದು, ಅಮ್ಮ ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಹೋಗಿ ನಿಂತೆ. ಕೇಳಬೇಕೆಂದಿದ್ದದ್ದು ಒಂದೇ ಪ್ರಶ್ನೆ. ಅದನ್ನು ಕೇಳಲು ಇಷ್ಟು ವರ್ಷ ಯಾಕೆ ಬೇಕಾಯಿತೋ.

"ಆಗ ನಿಂಗೆ ಖುಷಿ ಇತ್ತೇನಮ್ಮ? ನಮ್ಮನೇಲಿ?"

ಅವಳು ನಿಧಿಯ ಯೂನಿಫಾರ್ಮ್ ಕೊಡವಿ ಹೆಗಲಿಗೆ ಹಾಕಿಕೊಂಡಳು. "ಇತ್ತು. ಹೊಟ್ಟೆಕಿಚ್ಚೂ ಇತ್ತು. ಎರಡೂ ಒಟ್ಟಿಗೇ ಇರ್ಬೇಕಿತ್ತಲ್ಲ, ಕ್ವಾರ್ಟ್ರಸ್ ಅಷ್ಟೇ ಇದ್ದಿದ್ದು."

"ಅಪ್ಪಂಗೆ ಹೇಳಿದ್ಯಾ?"

"ಏನಂತ ಹೇಳೋದು? ನನ್ನ ಬಿಟ್ಟು ಉಂಡ್ರಿ ಅಂತಾನಾ? ನಗಲ್ವಾ?" ಕ್ಲಿಪ್ಪುಗಳನ್ನು ಒಂದೊಂದಾಗಿ ಸೆರಗಿಗೆ ಕಚ್ಚಿಸಿಕೊಂಡಳು. "ಹೇಳ್ಬೇಕಿತ್ತು. ನಗ್ತಿದ್ರು, ಅಷ್ಟೇ ತಾನೆ. ನಗ್ಲಿ ಅಂತಾನೇ ಅಲ್ವಾ ಮನೇಲಿ ಇರೋದು" ಎಂದು ಬಟ್ಟೆಯ ಹೊರೆಯನ್ನು ನನ್ನ ಕೈಗೆ ಹಾಕಿ ಒಳಗೆ ಹೋದಳು.

ಮಾರನೆಯ ಸಂಜೆ ಕಾಲೇಜಿನಿಂದ ಬಂದಾಗ ಒಳಗಿನಿಂದ ಎಂದಿನ ಹಾಗೆ ಸದ್ದು ಬರುತ್ತಿತ್ತು. ಹಾಲಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು ಇಬ್ಬರೂ ಎದುರುಬದುರು ಕೂತಿದ್ದರು. ನನ್ನನ್ನು ನೋಡಿ ನಿಧಿ ನೆಟ್ಟಗಾದಳು. ನಾನು ಬ್ಯಾಗನ್ನು ಕುರ್ಚಿಯ ಮೇಲಿಟ್ಟು, ಸೀರೆಯನ್ನು ಸ್ವಲ್ಪ ಎತ್ತಿಕಟ್ಟಿ, ಖಾಲಿ ಇದ್ದ ಒಂದು ಮಗ್ಗುಲಲ್ಲಿ ಕೂತೆ.

"ನಂಗೂ ಕಾಯಿ ಕೊಡಿ."

ನಿಧಿ ಅಜ್ಜಿಯನ್ನು ನೋಡಿದಳು. "ನಿಂಗೆ ಪೇಪರ್ ತಿದ್ದೋದಿಲ್ವಾ ಅಮ್ಮ?"

"ಇದೆ."

"ಮತ್ತೆ?"

"ಇರ್ಲಿ."

ಅಮ್ಮ ನಾಲ್ಕು ಹುಣಸೆಬೀಜ ಎಣಿಸಿ ನನ್ನ ಮುಂದಿಟ್ಟಳು. ಆಟ ಮೊದಲಿಂದ ಶುರುವಾಯಿತು. ನನಗೆ ನಿಯಮಗಳು ಅರ್ಧ ಮರೆತುಹೋಗಿದ್ದವು. ಕೇಳಿದರೆ ಇಬ್ಬರೂ ಬೇರೆ ಬೇರೆ ಹೇಳಿದರು. ಅಜ್ಜಿ ಮೊಮ್ಮಗಳು ಕಣ್ಣಲ್ಲೇ ಮಾತಾಡಿಕೊಂಡು ಒಟ್ಟಾಗಿ ನನ್ನನ್ನೇ ಅಟ್ಟಿಸಿಕೊಂಡು ಬಂದರು. ಕಷ್ಟಪಟ್ಟು ಇನ್ನೇನು ಒಳಸುತ್ತಿಗೆ ತಂದಿದ್ದ ನನ್ನ ಕಾಯನ್ನು ನಿಧಿ ಚೌಕ ಹಾಕಿ ಕಡಿದಳು. ಬೀಜವನ್ನು ಎತ್ತಿ ನನ್ನ ಕೈಗೆ ಕೊಡುವಾಗ ಮಾತ್ರ ಅವಳ ಮುಖ ಸಣ್ಣಗಾಯಿತು. ನಾನು ಎದ್ದು ಹೋಗಿಬಿಡುತ್ತೇನೆ ಎಂದುಕೊಂಡಳೋ ಏನೋ.

"ಬೇಜಾರಾಯ್ತಾ ಅಮ್ಮ?"

ಇಲ್ಲ ಎನ್ನಲು ಬಾಯಿ ತೆಗೆದೆ. ಅಮ್ಮ ಕವಡೆಗಳನ್ನು ಅಂಗೈಯಲ್ಲಿ ಅಲುಗಾಡಿಸುತ್ತ ನನ್ನನ್ನೇ ನೋಡುತ್ತಿದ್ದಳು.

"ಹೊಟ್ಟೆ ಉರೀತಿದೆ ಕಣೆ" ಎಂದೆ. "ನಿಮ್ಮಿಬ್ರನ್ನ ನೋಡಿದ್ರೆ ದಿನಾ ಉರಿಯತ್ತೆ. ಗೇಟ್ ಹತ್ರಾನೇ ಶುರುವಾಗತ್ತೆ."

ನಿಧಿ ಒಂದು ಕ್ಷಣ ಬೆಪ್ಪಾಗಿ ನೋಡಿದಳು. ಆಮೇಲೆ ಅವಳ ಭುಜ ಅಲುಗಾಡತೊಡಗಿತು. ಬಾಯಿ ಮುಚ್ಚಿಕೊಂಡಳು, ಆಗಲಿಲ್ಲ, ಹಿಂದಕ್ಕೆ ಬಿದ್ದಳು; ಅವಳ ಕಾಲು ತಾಗಿ ಬೀಜಗಳೆಲ್ಲ ಚೆಲ್ಲಾಪಿಲ್ಲಿಯಾದವು. "ಗೇಟ್ ಹತ್ರಾನಾ" ಎಂದು ಉಸಿರು ಸಿಗದೆ ಕೇಳಿದಳು. "ಇನ್ನೊಂದ್ ಸಲ ಹೇಳಮ್ಮ, ಇನ್ನೊಂದ್ ಸಲ."

ನಾನು ಇನ್ನೊಂದು ಸಲ ಹೇಳಿದೆ.